ಸಂಡೂರು ಗುಡ್ಡದ ಬೆಂಕಿ: ಮೊದಲು ಬಣವೆ ನೋಡಿಕೊಳ್ಳಿ

ಸಂಡೂರಿನ ಗುಡ್ಡದ ಬುಡದಲ್ಲಿ ಮನೆ, ಬೇಸಿಗೆಯಲ್ಲಿ ಹುಲ್ಲಿನ ಬೆಂಕಿ ಹಿತ್ತಲವರೆಗೂ ಬರುತ್ತೆ, ಯಾವಾಗ ಮನೆ ಬಿಡಬೇಕು ಅಂತ ಕೇಳಿದ್ದೀರಿ. ಅದಕ್ಕೂ ಮೊದಲಿನ ಕೆಲಸ ಬಣವೆಯದು ಸರ್. ಗೋಡೆಗೆ ಅಂಟಿಕೊಂಡ ಬಣವೆಯೇ ಬೆಂಕಿಯನ್ನ ಮಾಳಿಗೆಗೆ ದಾಟಿಸೋದು. ಕನಿಷ್ಠ 30 ಮೀಟರ್ ದೂರ ಒಟ್ಟಿ. ಸುತ್ತಲೂ 3 ಮೀಟರ್ ಅಗಲ ಸಲಿಕೆಯಿಂದ ಕೆತ್ತಿ, ಬರೀ ಕೆಂಪು ಮಣ್ಣು ಕಾಣಬೇಕು. ಕುಡುಗೋಲಿನಿಂದ ಕೊಯ್ದು ಬಿಟ್ಟರೆ ಸಾಲದು, ಉಳಿದ ಕೂಳೆ ಹಿಡಿದು ಬೆಂಕಿ ತೆವಳಿಕೊಂಡೇ ದಾಟುತ್ತೆ. ಸಂಕ್ರಾಂತಿಯೊಳಗೆ ಮುಗಿಸಿ.

ಅರಣ್ಯದ ಗಡಿಯೊಳಗೆ ನೀವೇ ಹುಲ್ಲು ಸುಡಬೇಡಿ, 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅಲ್ಲಿ ಬೆಂಕಿ ರೇಖೆ, ಅಂದ್ರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ, ಮಾಡಬೇಕಾದದ್ದು ಅರಣ್ಯ ಇಲಾಖೆ. ಪಂಚಾಯಿತಿ ಮೂಲಕ ವಲಯ ಅರಣ್ಯಾಧಿಕಾರಿಗೆ ಡಿಸೆಂಬರ್‌ನಲ್ಲೇ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ.

ಇನ್ನು ಮನೆ ಬಿಡೋದು. ಹೊಗೆ ನಿಮ್ಮ ಕಡೆ ವಾಲಿತು ಅಂದ್ರೆ ಜ್ವಾಲೆ ಕಾಣೋವರೆಗೆ ಕಾಯಬೇಡಿ. ಮೊದಲು ದನಗಳ ಕಣ್ಣಿ ಬಿಚ್ಚಿ. ಬೆದರಿದ ಎತ್ತು ಎಳೆದಷ್ಟೂ ಗಂಟು ಬಿಗಿಯುತ್ತೆ, ಆಮೇಲೆ ಬಿಚ್ಚೋಕಾಗಲ್ಲ. 112ಕ್ಕೆ ಫೋನ್ ಮಾಡಿ. ಗುಡ್ಡ ಹತ್ತಬೇಡಿ: ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಮೇಲೇರುವ ಬೆಂಕಿಯ ವೇಗ ಸುಮಾರು ದುಪ್ಪಟ್ಟು. ಕಿರಿದಾದ ಹಳ್ಳದ ದಾರಿಯೂ ಬೇಡ, ಅದು ಚಿಮಣಿಯಂತೆ ಬೆಂಕಿ ಎಳೆಯುತ್ತೆ. ರಸ್ತೆ ಕಟ್ಟಿದ್ದರೆ ಉತ್ತು ಬಿಟ್ಟ ಹೊಲದ ನಡುವೆ ಹೋಗಿ, ಸುಡೋಕೆ ಅಲ್ಲಿ ಏನೂ ಇರಲ್ಲ.