ಮನೆಯ ಕೋವಿ ಸ್ವಾತಂತ್ರ್ಯವನ್ನು ಕಾಯುತ್ತದೆಯೇ?

ಪ್ರಶ್ನೆ: ನಾನು ಅಡಿಕೆ ಕೃಷಿಕ. ಮಂಗ, ಕಾಡುಹಂದಿಗಳ ಉಪದ್ರವೆಂದು ಅಜ್ಜನ ಕಾಲದಿಂದಲೂ ಮನೆಯಲ್ಲಿ ಪರವಾನಗಿಯ ಒಂಟಿನಳಿಗೆ ಕೋವಿ ಇದೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಠೇವಣಿ ಇಡಬೇಕು. ಅಮೆರಿಕದಲ್ಲಿರುವ ನನ್ನ ಅಳಿಯ, "ಜನರ ಕೈಯಲ್ಲಿ ಕೋವಿ ಇದ್ದುದರಿಂದಲೇ ಇಲ್ಲಿ ಸ್ವಾತಂತ್ರ್ಯ ಉಳಿದಿದೆ. ಬ್ರಿಟಿಷರು ಕೋವಿ ಕಸಿದುಕೊಂಡದ್ದರಿಂದಲೇ ನಾವು ಗುಲಾಮರಾದೆವು" ಎನ್ನುತ್ತಾನೆ. ಚರಿತ್ರೆ ಇದನ್ನು ಒಪ್ಪುತ್ತದೆಯೇ?
— ಓದುಗರೊಬ್ಬರು, ಕಾರ್ಕಳ ತಾಲೂಕು

ಉತ್ತರ (ನಿವೃತ್ತ ಇತಿಹಾಸ ಅಧ್ಯಾಪಕರು, ಮಂಗಳೂರು): ನಿಮ್ಮ ಅಳಿಯನ ಎರಡನೆಯ ಮಾತನ್ನು ಮೊದಲು ನೋಡೋಣ. ಅದರಲ್ಲಿ ಕಾಲ ಹಿಂದುಮುಂದಾಗಿದೆ. ನಮ್ಮ ಕೆನರಾ (ಇಂದಿನ ಕರಾವಳಿ ಜಿಲ್ಲೆಗಳ ಸೀಮೆ) ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ್ದು 1799ರಲ್ಲಿ. ಶಸ್ತ್ರಾಸ್ತ್ರ ಕಾಯ್ದೆ ಬಂದದ್ದು 1878ರಲ್ಲಿ, ಅದಕ್ಕೆ ಮುಂಚಿನ ನಿಶ್ಶಸ್ತ್ರೀಕರಣದ ಕಾನೂನು ಕೂಡ 1857ರ ಹೊತ್ತಿನದು. ನಾವು ರಾಜ್ಯ ಕಳೆದುಕೊಂಡದ್ದು ಆಯುಧ ಕೈಯಲ್ಲಿದ್ದಾಗಲೇ.

ಆಯುಧ ಹಿಡಿದು ಎದ್ದ ರೈತರ ಕಥೆ ನಿಮ್ಮ ಜಿಲ್ಲೆಯ ಪಕ್ಕದಲ್ಲೇ ಇದೆ. 1834ರಲ್ಲಿ ಕೊಡಗು ಕಂಪನಿಯ ವಶವಾದ ಮೇಲೆ ಅಮರಸುಳ್ಯದ ಸೀಮೆಯನ್ನು ಕೆನರಾಕ್ಕೆ ಸೇರಿಸಿದರು. ಅಲ್ಲಿಯವರೆಗೆ ಧಾನ್ಯದ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಇನ್ನು ಮುಂದೆ ನಗದು ಕೊಡಬೇಕೆಂದಾಯಿತು. 1837ರ ಏಪ್ರಿಲ್‌ನಲ್ಲಿ ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರ ಜತೆ ಸಾವಿರಾರು ರೈತರು ಸುಳ್ಯದಿಂದ ಹೊರಟು ಮಂಗಳೂರಿಗೆ ಬಂದರು, ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ಸುಮಾರು ಎರಡು ವಾರ ಮಂಗಳೂರು ಅವರದಾಗಿತ್ತು. ಆಮೇಲೆ ಕಂಪನಿಯ ಪಡೆ ಕಣ್ಣೂರಿನ ಕಡೆಯಿಂದ ಬಂತು, ಮುಖಂಡರಿಗೆ ನೇಣಾಯಿತು. ಇಂದು ಆ ಗುಡ್ಡದ ಮೇಲೆ ರಾಮಯ್ಯಗೌಡರ ಪ್ರತಿಮೆ ಇದೆ. 2022ರಲ್ಲಿ ಅದರ ಅನಾವರಣವಾದಾಗ ನನಗೆ ಆದ ಸಂತೋಷವನ್ನು ಹೇಳಲಾರೆ.

ಆದರೆ ಆ ಪ್ರತಿಮೆಯ ಮುಂದೆ ನಿಂತು ನಾವು ಮರೆಯುವ ಇನ್ನೊಂದು ಸಂಗತಿಯಿದೆ. ಆ ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಪದಕ ಕೊಟ್ಟಿತು. ಕೊಡಗಿನಲ್ಲಿ ದಂಗೆಯ ಕಡೆಯವರೂ ಇದ್ದರು, ಕಂಪನಿಯ ಕಡೆಯವರೂ ಇದ್ದರು. ಒಂದೇ ನಾಡಿನ, ಒಂದೇ ಬಗೆಯ ಆಯುಧ ಎರಡು ಕಡೆಗೆ ತಿರುಗಿತು. 1861ರಲ್ಲಿ ಕೊಡವರಿಗೆ ಕೋವಿಯ ನಿರ್ಬಂಧದಿಂದ ವಿನಾಯಿತಿ ಸಿಕ್ಕಿತು. ಅದು ಇಂದಿಗೂ ಮುಂದುವರಿದಿದೆ. ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಆ ಜನರ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಆದರೆ ಅಂದಿನ ಸರ್ಕಾರ ವಿನಾಯಿತಿ ಕೊಟ್ಟದ್ದು ಜನರ ಸ್ವಾತಂತ್ರ್ಯಕ್ಕಾಗಿ ಅಲ್ಲ, ತನ್ನ ಮೇಲೆ ತಿರುಗುವುದಿಲ್ಲವೆಂಬ ನಂಬಿಕೆಯ ಮೇಲೆ. ನಂಬಿಕೆ ಇಲ್ಲದ ಕಡೆ ಏನು ಮಾಡಿತು ನೋಡಿ: 1857ರಲ್ಲಿ ಮುಧೋಳದ ಬಳಿ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದಾಗ ಊರಿಗೆ ಬೆಂಕಿ ಬಿತ್ತು, ಬದುಕುಳಿದ ಹಲವರಿಗೆ ನೇಣು. ಅವರ ಲಾವಣಿ ಕೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಒಂದೂರಿನ ಕೋವಿಗಳು ಆ ಊರನ್ನು ಕಾಯಲಾರದೆ ಹೋದವು.

ಇನ್ನು ಅಮೆರಿಕ. 1775ರಲ್ಲಿ ಲೆಕ್ಸಿಂಗ್ಟನ್, ಕಾಂಕರ್ಡ್‌ಗಳಲ್ಲಿ ಬ್ರಿಟಿಷರ ವಿರುದ್ಧ ಮೊದಲು ಹೋರಾಡಿದವರು ಊರಿನ ರೈತರು ಎಂಬುದು ನಿಜ. ಆದರೆ ಅವರು ಒಬ್ಬೊಬ್ಬರಾಗಿ ಬಂದವರಲ್ಲ, ಕವಾಯತು ಕಲಿತ ಊರಪಡೆಯವರು. ಯುದ್ಧ ಮುಗಿಸಿದ್ದು ಫ್ರಾನ್ಸಿನ ಮದ್ದುಗುಂಡು, ಹಣ, ನೌಕಾಪಡೆಗಳ ಬಲವಿದ್ದ ಖಾಯಂ ಸೇನೆ.

ಅದೇ ದೇಶದ ಲೂಸಿಯಾನಾ ರಾಜ್ಯದ ಕೋಲ್‌ಫ್ಯಾಕ್ಸ್ ಎಂಬ ಊರನ್ನು ನಿಮ್ಮ ಅಳಿಯ ಓದಿ ತಿಳಿಯಬೇಕು. 1873ರ ಈಸ್ಟರ್ ಭಾನುವಾರ. ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾಗಿ ಮತದ ಹಕ್ಕು ಪಡೆದಿದ್ದ ಕರಿಯರು ಅಲ್ಲಿನ ನ್ಯಾಯಾಲಯದ ಕಟ್ಟಡವನ್ನು ಕೋವಿ ಹಿಡಿದು ಕಾಯುತ್ತಿದ್ದರು. ಬಿಳಿಯರ ಗುಂಪು ಬಂದೂಕುಗಳ ಜತೆ ಒಂದು ಸಣ್ಣ ಫಿರಂಗಿಯನ್ನೂ ತಂದು ಛಾವಣಿಗೆ ಬೆಂಕಿ ಹಚ್ಚಿತು, ಶರಣಾದವರನ್ನೂ ಕೊಂದಿತು. ಎರಡೂ ಕಡೆಯವರ ಕೈಯಲ್ಲಿ ಕೋವಿಗಳಿದ್ದವು. ತಪ್ಪಿತಸ್ಥರೆಂದು ತೀರ್ಮಾನವಾದವರನ್ನೂ 1876ರಲ್ಲಿ ಸುಪ್ರೀಂ ಕೋರ್ಟ್ ಬಿಟ್ಟುಬಿಟ್ಟಿತು. ಸತ್ತವರ ಸ್ವಾತಂತ್ರ್ಯವನ್ನು ಕಸಿದದ್ದು ಯಾವ ದೊರೆಯೂ ಅಲ್ಲ, ಕೋವಿ ಹಿಡಿದ ನೆರೆಹೊರೆಯವರು.

ಇದಕ್ಕೆ ಎದುರಾದ ಉದಾಹರಣೆಯೂ ಅದೇ ರಾಜ್ಯದಲ್ಲಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1964ರಲ್ಲಿ ಜೋನ್ಸ್‌ಬರೋದಲ್ಲಿ ಸೇನೆಯಲ್ಲಿ ದುಡಿದು ಬಂದಿದ್ದ ಕರಿಯರು ಕೂಟ ಕಟ್ಟಿ, ನಾಗರಿಕ ಹಕ್ಕುಗಳ ಕಾರ್ಯಕರ್ತರಿಗೆ ರಾತ್ರಿ ಕಾವಲು ಕೂತರು. ಆ ಕೋವಿಗಳು ಜೀವ ಉಳಿಸಿದವು. ಆದರೆ ಅವರ ಹಿಂದೆ ಇಡೀ ದೇಶದ ಚಳವಳಿಯಿತ್ತು, ಹೊಸ ಕಾನೂನಿತ್ತು. ಕೋಲ್‌ಫ್ಯಾಕ್ಸಿನವರ ಕೈಯಲ್ಲೂ ಕೋವಿಯಿತ್ತು, ಹಿಂದೆ ನಿಲ್ಲುವವರಿರಲಿಲ್ಲ. ನನ್ನ ಲೆಕ್ಕದಲ್ಲಿ ಸ್ವಾತಂತ್ರ್ಯದ ಅಳಿವು ಉಳಿವು ನಿರ್ಧಾರವಾಗುವುದು ಅಲ್ಲಿ. ನಮ್ಮ ಉತ್ತರ ಕನ್ನಡದಲ್ಲೇ 1930ರ ಹೊತ್ತಿಗೆ ಅಂಕೋಲಾ, ಸಿದ್ದಾಪುರದ ರೈತರು ಕರ ನಿರಾಕರಿಸಿದರು. ಜಮೀನು ಜಪ್ತಿಯಾಯಿತು, ಜೈಲಾಯಿತು, ಆದರೂ ಬಾಗಲಿಲ್ಲ. ಅವರು ಒಂದು ಈಡೂ ಹೊಡೆದವರಲ್ಲ.

ನಿಮ್ಮ ಅಳಿಯನಂತೆ ಯೋಚಿಸಿದ ದೊಡ್ಡವರು ನಮ್ಮಲ್ಲೂ ಇದ್ದರು. ಶಸ್ತ್ರಾಸ್ತ್ರ ಕಾಯ್ದೆಯನ್ನು ಬ್ರಿಟಿಷರ ಅತ್ಯಂತ ಕರಾಳ ಕೃತ್ಯವೆಂದು ಗಾಂಧೀಜಿಯವರೇ 1918ರ ಸೈನ್ಯ ಭರ್ತಿಯ ಕರಪತ್ರದಲ್ಲಿ ಬರೆದಿದ್ದರು. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರ್‌ನಲ್ಲಿ ಆಯುಧ ಹೊಂದುವ ಹಕ್ಕನ್ನು ಮೂಲಭೂತ ಹಕ್ಕಾಗಿಸಬೇಕೆಂದು ತಿದ್ದುಪಡಿ ತಂದವರು ಮಂಗಳೂರಿನಲ್ಲೇ ಹುಟ್ಟಿದ ಎಚ್. ವಿ. ಕಾಮತರು. ಅಂಬೇಡ್ಕರ್ ಒಪ್ಪಲಿಲ್ಲ. ಯಾರು ಬೇಕಾದರೂ ಆಯುಧ ಕೊಳ್ಳಬಹುದಾದರೆ ರಾಜ್ಯ ನಡೆಯುವುದು ಹೇಗೆ ಎಂಬುದು ಅವರ ವಾದವಾಗಿತ್ತು. ಊರ ಬಲಾಢ್ಯರ ಕೈಗೆ ಸಿಗುವ ಆಯುಧ ಯಾರ ಕಡೆ ತಿರುಗುತ್ತದೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು ಎಂದು ನಾನು ನಂಬುತ್ತೇನೆ.

ನಿಮ್ಮ ಸಂಕಟ ಮಾತ್ರ ಬೇರೆಯದು, ನ್ಯಾಯವಾದದ್ದು. ನನ್ನ ತಂದೆಯವರೂ ಕೇಪಿನ ಕೋವಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಠಾಣೆಗೆ ಒಯ್ಯುತ್ತಿದ್ದರು. ಹಿಡಿಗೆ ಕಟ್ಟಿದ ಚೀಟಿಯ ಮೇಲಿನ ಸಂಖ್ಯೆಯನ್ನು ಎರಡೆರಡು ಸಲ ನೋಡಿ, ರಶೀದಿಯನ್ನು ಜೇಬಿಗಿಟ್ಟು ಮೌನವಾಗಿ ಬಸ್ ಹತ್ತುತ್ತಿದ್ದರು. ಮರಳಿ ತರುವಾಗ ನಳಿಗೆಗೆ ತುಕ್ಕು ಹಿಡಿದಿರುತ್ತಿತ್ತು, ಅಷ್ಟರಲ್ಲಿ ಮಂಗಗಳು ಎಳನೀರನ್ನೆಲ್ಲ ಕೆಡವಿರುತ್ತಿದ್ದವು. ಎಲ್ಲರ ಕೋವಿಯನ್ನೂ ಕಣ್ಣು ಮುಚ್ಚಿ ತರಿಸಿಕೊಳ್ಳಬೇಕೆಂದು ಚುನಾವಣಾ ಆಯೋಗದ ಸೂಚನೆ ಹೇಳುವುದಿಲ್ಲ. ಅಪರಾಧದ ಹಿನ್ನೆಲೆ ಇರುವವರನ್ನು ಗುರುತಿಸಿ ಪರಿಶೀಲಿಸಲು ಜಿಲ್ಲಾ ಮಟ್ಟದ ಸಮಿತಿ ಇರುತ್ತದೆ. ಚುನಾವಣೆ ಘೋಷಣೆಯಾದ ಕೂಡಲೇ ಪರವಾನಗಿಯ ಪ್ರತಿ, ಆರ್‌ಟಿಸಿ, ಬೆಳೆಹಾನಿಯ ದಾಖಲೆಗಳನ್ನು ಜೋಡಿಸಿ ಜಿಲ್ಲಾಧಿಕಾರಿಗಳಿಗೆ ವಿನಾಯಿತಿಯ ಅರ್ಜಿ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ. ಊರಿನ ನಾಲ್ಕಾರು ಕೃಷಿಕರು ಒಟ್ಟಾಗಿ ಹೋದರೆ ಇನ್ನೂ ಒಳ್ಳೆಯದು.