ಹಳೆ ಹೊಲಿಗೆ ಯಂತ್ರದ ಮೋಟರ್ ಬಿಸಿಯೇರುತ್ತಿದೆಯೇ? ಮೊದಲು ಬೆಲ್ಟ್ ಬಿಚ್ಚಿ ನೋಡಿ

ಪ್ರಶ್ನೆ: ಅಜ್ಜಿಯ ಕಾಲದ ಕಪ್ಪು ಸಿಂಗರ್ ಯಂತ್ರ ನಮ್ಮ ಮನೆಯಲ್ಲಿದೆ. ಮೊದಲು ಕಾಲಲ್ಲಿ ತುಳಿದು ಹೊಲಿಯುತ್ತಿದ್ದೆವು, ಆಮೇಲೆ ಮೋಟರ್ ಕೂರಿಸಿಕೊಂಡೆವು. ಈಗ ಹತ್ತು ನಿಮಿಷ ಹೊಲಿದರೆ ಸಾಕು, ಮೋಟರ್ ಮುಟ್ಟಲಾಗದಷ್ಟು ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ಅಂಗಡಿಯವರು ಹೊಸ ಮೋಟರ್ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಲೇಬೇಕೇ?
– ಓದುಗರು, ರಾಣೆಬೆನ್ನೂರು

ಉತ್ತರ: ಸದ್ಯಕ್ಕೆ ಬೇಡ. ನೀವು ಹೇಳುವ ಲಕ್ಷಣಗಳಿಗೆ ಹೆಚ್ಚಿನ ಸಲ ಕಾರಣ ಮೋಟರ್ ಅಲ್ಲ, ಅದು ಎಳೆಯುತ್ತಿರುವ ಯಂತ್ರ ಬಿಗಿಯಾಗಿರುವುದು. ಆ ಬಿಗಿ ಬಿಡಿಸದೆ ಹೊಸ ಮೋಟರ್ ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ಹೀಗೇ ಬಿಸಿಯೇರುತ್ತದೆ.

ಮನೆಯ ಹೊಲಿಗೆ ಯಂತ್ರಕ್ಕೆ ಹಾಕುವ ಮೋಟರ್ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ಕಾರ್ಬನ್ ತುಂಡು) ಇರುವ ಯೂನಿವರ್ಸಲ್ ಮೋಟರ್. ಮಿಕ್ಸರಿನೊಳಗೂ ಇದೇ ಜಾತಿಯದು ಇರುತ್ತದೆ. ಭಾರ ಹೆಚ್ಚಾದಷ್ಟೂ ಇದರ ವೇಗ ಇಳಿದು, ಎಳೆಯುವ ಕರೆಂಟ್ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ವೈಂಡಿಂಗ್ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ವೇಗ ಇಳಿದ ಮೇಲೆ ಒಳಗೆ ಗಾಳಿಯೂ ಸರಿಯಾಗಿ ಆಡುವುದಿಲ್ಲ.

ಹದಿನೈದು ನಿಮಿಷ ಬಿಡದೆ ಹೊಲಿದ ಮೇಲೆ ಮೋಟರಿನ ಮೈ ಬೆಚ್ಚಗಿದ್ದು, ಅಂಗೈ ಹತ್ತು ಸೆಕೆಂಡ್ ಇಟ್ಟುಕೊಳ್ಳಲು ಆಗುತ್ತಿದ್ದರೆ ಚಿಂತೆಯಿಲ್ಲ. ಎರಡು ಮೂರು ಸೆಕೆಂಡಿಗೇ ಕೈ ಹಿಂದೆಗೆಯುವಂತಾದರೆ ನಿಲ್ಲಿಸಿ. ಬಹಳ ದಿನ ಮೂಲೆಯಲ್ಲಿದ್ದ ಮೋಟರ್ ಮೊದಲ ಸಲ ಓಡಿದಾಗ ಧೂಳು, ಹಳೆ ಎಣ್ಣೆ ಸುಟ್ಟ ವಾಸನೆ ಸ್ವಲ್ಪ ಹೊತ್ತು ಬಂದು ಹೋಗಬಹುದು. ಮೂಗಿಗೆ ಅಡರುವ ವಾರ್ನಿಶ್ ವಾಸನೆ ಬಂದರೆ ವೈಂಡಿಂಗಿನ ಹೊದಿಕೆಯೇ ಸುಡುತ್ತಿದೆ ಎಂದರ್ಥ. ಹೊಗೆ ಕಾಣುವವರೆಗೆ ಕಾಯದೆ ಪ್ಲಗ್ ಕೀಳಿ.

ತೊಂದರೆ ಎಲ್ಲಿದೆ ಎಂಬುದು ಮೂರು ಪರೀಕ್ಷೆಗಳಲ್ಲಿ ತಿಳಿಯುತ್ತದೆ.

ಒಂದನೆಯದಕ್ಕೆ ಪ್ಲಗ್ ತೆಗೆದು, ಬೆಲ್ಟ್ ಕಳಚಿ, ದಾರ ಬಟ್ಟೆ ಎಲ್ಲ ತೆಗೆದು ಹ್ಯಾಂಡ್ ವೀಲನ್ನು ಕೈಯಲ್ಲಿ ತಿರುಗಿಸಿ. ಒಂದೇ ಬೆರಳಿಗೆ ತಿರುಗಬೇಕು, ಜೋರಾಗಿ ತಿರುಗಿಸಿ ಬಿಟ್ಟರೆ ತುಸು ದೂರ ತಾನೇ ಓಡಬೇಕು. ಸುತ್ತಿನುದ್ದಕ್ಕೂ ಒಂದೇ ಸಮನೆ ಬಿಗಿ ಇದ್ದರೆ ಒಳಗೆ ಎಣ್ಣೆ ಅಂಟಾಗಿದೆ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಹಿಡಿದರೆ ದಾರವೋ ಹತ್ತಿಯ ಜುಂಗೋ ಸಿಕ್ಕಿಕೊಂಡಿದೆ, ಇಲ್ಲವೇ ಯಾವುದೋ ಭಾಗ ಬಾಗಿ ಉಜ್ಜುತ್ತಿದೆ.

ಎರಡನೆಯದಕ್ಕೆ ಬೆಲ್ಟ್ ಹಾಕದೆ ಮೋಟರನ್ನು ಮಾತ್ರ ಎರಡು ಮೂರು ನಿಮಿಷ ಓಡಿಸಿ. ಪೆಡಲ್ ಪೂರ್ತಿ ಒತ್ತಬೇಡಿ. ಭಾರವಿಲ್ಲದಾಗ ಈ ಮೋಟರ್ ಮಿತಿಮೀರಿ ಓಡುತ್ತದೆ. ಬರಿದೇ ಓಡಿಯೂ ಬಿಸಿಯಾದರೆ ದೋಷ ಮೋಟರಿನದೇ.

ಮೂರನೆಯದಕ್ಕೆ ಬೆಲ್ಟ್ ಹಾಕಿ, ಬಾಬಿನ್ ಸುತ್ತುವಾಗ ಸಡಿಲಿಸುತ್ತೀರಲ್ಲ, ಹ್ಯಾಂಡ್ ವೀಲ್ ನಡುವಿನ ಆ ದುಂಡು ತಿರುಪನ್ನು ಸಡಿಲಿಸಿ ಓಡಿಸಿ. ಸೂಜಿ ಆಡದೆ ಚಕ್ರ ಮಾತ್ರ ತಿರುಗುತ್ತದೆ. ಆಗ ಮೋಟರ್ ಬಿಸಿಯಾದರೆ ಬೆಲ್ಟ್ ಅತಿ ಬಿಗಿಯಾಗಿದೆ ಅಥವಾ ಚಕ್ರದ ಒಳಭಾಗ ಒಣಗಿದೆ.

ನಮ್ಮ ಕಡೆ ಯಂತ್ರ ಬಿಗಿಯಾಗಲು ದೊಡ್ಡ ಕಾರಣ ಕೊಬ್ಬರಿ ಎಣ್ಣೆ. ಮಷಿನ್ ಎಣ್ಣೆ ಮುಗಿದಾಗ ಅಡುಗೆಮನೆಯಿಂದ ತಂದು ಬಿಡುವುದು ಹಲವು ಮನೆಗಳ ರೂಢಿ. ಚಳಿಗಾಲದಲ್ಲಿ ಅದು ಗಟ್ಟಿಯಾಗುತ್ತದೆ, ವರ್ಷಗಳಲ್ಲಿ ಧೂಳು ಸೇರಿ ಕಂದು ಅಂಟಾಗುತ್ತದೆ. ಶೇಂಗಾ, ಸೂರ್ಯಕಾಂತಿ ಎಣ್ಣೆಗಳು ಇನ್ನೂ ಬೇಗ ಅಂಟುತ್ತವೆ. ಅದರ ಮೇಲೆ ಮಷಿನ್ ಎಣ್ಣೆ ಬಿಟ್ಟರೆ ಸಾಲದು, ಅಂಟನ್ನು ಕರಗಿಸಿ ತೆಗೆಯಬೇಕು. ಯಂತ್ರದ ತಲೆಯನ್ನು ಹಿಂದಕ್ಕೆ ಮಡಚಿ, ಎಣ್ಣೆ ತೂತುಗಳಿಗೂ ಕೆಳಗಿನ ಕೀಲುಗಳಿಗೂ ಸೀಮೆಎಣ್ಣೆ ಎರಡೆರಡು ಹನಿ ಬಿಟ್ಟು ಹ್ಯಾಂಡ್ ವೀಲ್ ಹಿಂದೆ ಮುಂದೆ ಆಡಿಸಿ. ಹೊರಬರುವ ಕಂದು ರಸವನ್ನು ಒರೆಸಿ ಮತ್ತೆ ಬಿಡಿ. ತೀರಾ ಹಿಡಿದಿದ್ದರೆ ರಾತ್ರಿಯಿಡೀ ನೆನೆಯಲಿ. ಮೋಟರಿನ ಮೇಲೆ ಒಂದು ಹನಿಯೂ ಬೀಳಬಾರದು, ಹತ್ತಿರ ಒಲೆ ದೀಪ ಇರಬಾರದು. ರಸ ತಿಳಿಯಾದ ಮೇಲೆ ಪೂರ್ತಿ ಆರಲು ಬಿಟ್ಟು, ಪ್ರತಿ ಜಾಗಕ್ಕೂ ಒಂದೆರಡು ಹನಿ ಮಷಿನ್ ಎಣ್ಣೆ ಬಿಡಿ. ಕಪ್ಪು ಮೈಮೇಲಿನ ಬಂಗಾರದ ಚಿತ್ತಾರಕ್ಕೆ ಸ್ಪಿರಿಟ್, ಥಿನ್ನರ್ ಮುಟ್ಟಿಸಬೇಡಿ. ಮೇಲಿನ ಮೆರುಗು ಕರಗಿ ಚಿತ್ತಾರವೇ ಎದ್ದುಬರುತ್ತದೆ.

ಶಟಲ್ ಬಿಚ್ಚಿ ಅದು ಕೂರುವ ಗುಂಡಿಯನ್ನೂ, ಹ್ಯಾಂಡ್ ವೀಲ್ ಹಿಂದಿನ ಸಂದನ್ನೂ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಸುತ್ತಿಕೊಂಡ ದಾರ ಹೊರಗಿನಿಂದ ಕಾಣುವುದೇ ಇಲ್ಲ. ಬಟ್ಟೆ ಎಳೆಯುವ ಹಲ್ಲುಗಳ ಕೆಳಗಿನ ಜುಂಗು ಅಟ್ಟೆಗಟ್ಟಿರುತ್ತದೆ, ಸೂಜಿ ತುದಿಯಲ್ಲಿ ಕೆರೆದು ತೆಗೆಯಿರಿ. ಬಾಬಿನ್ ಸುತ್ತುವ ಚಕ್ರ ಒತ್ತಿಕೊಂಡೇ ಉಳಿದಿದ್ದರೆ ಅದೂ ಭಾರವೇ.

ಬೆಲ್ಟನ್ನು ಮಧ್ಯದಲ್ಲಿ ಬೆರಳಿನಿಂದ ಒತ್ತಿದಾಗ ಸುಮಾರು 1 ಸೆಂ.ಮೀ. ಬಗ್ಗಬೇಕು. ಜಾರುತ್ತದೆ ಎಂದು ಮೋಟರನ್ನು ಕೆಳಕ್ಕೆಳೆದು ಬಿಗಿ ಮಾಡುವವರೇ ಹೆಚ್ಚು. ಅದರಿಂದ ಮೋಟರಿನ ಅಚ್ಚು ತಿರುಗುವ ಬುಷ್ ಒಂದೇ ಕಡೆ ಸವೆಯುತ್ತದೆ. ಜಾರುವ ಬೆಲ್ಟ್ ಸಾಮಾನ್ಯವಾಗಿ ಎಣ್ಣೆ ಕುಡಿದದ್ದು ಅಥವಾ ಹಳಸಿದ್ದು, ಬದಲಿಸಿ.

ಮೋಟರಿನದೇ ದೋಷ ಎಂದು ಎರಡನೇ ಪರೀಕ್ಷೆ ಹೇಳಿದರೂ ಅದನ್ನು ಎಸೆಯುವ ಹೊತ್ತಲ್ಲ. ಪ್ಲಗ್ ತೆಗೆದು ಎರಡು ಪಕ್ಕದ ಮುಚ್ಚಳ ಬಿಚ್ಚಿ ಕಾರ್ಬನ್ ಬ್ರಷ್ ಹೊರತೆಗೆಯಿರಿ. ಎಡದ್ದು ಯಾವುದು, ಬಲದ್ದು ಯಾವುದು, ಮೇಲ್ಮುಖ ಯಾವುದು ಎಂದು ಗುರುತು ಹಾಕಿಕೊಳ್ಳಿ. ಸವೆದ ಬಾಗು ಹಾಗೆಯೇ ಕೂರಬೇಕು. 6 ಮಿ.ಮೀ.ಗಿಂತ ಗಿಡ್ಡವಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಬ್ರಷ್ ಎಣ್ಣೆಯಿಂದ ಹೊಳೆಯುತ್ತಿದ್ದರೆ ಯಾರೋ ಮೋಟರಿಗೆ ಧಾರಾಳವಾಗಿ ಎಣ್ಣೆ ಬಿಟ್ಟಿದ್ದಾರೆ. ಎಣ್ಣೆ ಮತ್ತು ಕಾರ್ಬನ್ ಪುಡಿ ಸೇರಿ, ಬ್ರಷ್ ಒತ್ತಿಕೊಂಡಿರುವ ದುಂಡು ಭಾಗವಾದ ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ನಡುವೆ ಕರೆಂಟ್ ಹರಿಯುವ ಕೆಸರಾಗುತ್ತದೆ. ಕಿಡಿ, ಶಾಖ ಎರಡೂ ಅಲ್ಲಿಂದಲೇ. ಪಟ್ಟಿಗಳನ್ನು 600 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರಾಗಿ ಉಜ್ಜಿ, ನಡುವಿನ ಗೆರೆಗಳನ್ನು ಮರದ ಕಡ್ಡಿಯಿಂದ ಕೆರೆಯಿರಿ. ಎಮರಿ ಪೇಪರ್ ಬೇಡ, ಅದರ ಪುಡಿ ಗೆರೆಗಳಲ್ಲಿ ಕೂತು ತೊಂದರೆ ಕೊಡುತ್ತದೆ. ಎಣ್ಣೆ ತೂತಿರುವ ಮೋಟರಿಗೆ ತೂತಿಗೊಂದೇ ಹನಿ. ಗ್ರೀಸ್ ನಳಿಕೆ ಇರುವ ಹಳೆ ಸಿಂಗರ್ ಮೋಟರಿಗೆ ಎಣ್ಣೆ ಬಿಡಲೇಬಾರದು.

ಇಷ್ಟಾದ ಮೇಲೂ ಕಮ್ಯುಟೇಟರಿನ ಸುತ್ತ ಕಿಡಿ ಉಂಗುರದಂತೆ ಸುತ್ತುತ್ತಿದ್ದರೆ ಆರ್ಮೇಚರ್, ಅಂದರೆ ಮೋಟರಿನೊಳಗೆ ತಿರುಗುವ ಭಾಗ, ಹೋಗಿದೆ. ಬ್ರಷ್ ತುದಿಯಲ್ಲಿ ಮಾತ್ರ ಮಿನುಗುವ ಸಣ್ಣ ನೀಲಿ ಕಿಡಿ ಸಹಜ. ಆರ್ಮೇಚರ್ ಹೋಗಿದ್ದರೆ ಮಾತ್ರ ಅಂಗಡಿಯವರ ಮಾತು ಕೇಳಿ. ಹೊಸ ಮೋಟರ್ ಕೊಳ್ಳುವಾಗ ಅದು ಹ್ಯಾಂಡ್ ವೀಲನ್ನು ನಿಮ್ಮ ಕಡೆಗೆ ತಿರುಗಿಸುತ್ತದೆಯೇ ಎಂದು ಅಲ್ಲೇ ಓಡಿಸಿ ನೋಡಿ.

ಪ್ರಶ್ನೆ: ಅಮೆರಿಕದಿಂದ ಮಗಳು ತಂದ ಹಳೆ ಯಂತ್ರದ ಮೇಲೆ 110 ವೋಲ್ಟ್ ಎಂದಿದೆ. ಪಿನ್ ಬದಲಿಸಿ ಇಲ್ಲಿ ಓಡಿಸಬಹುದೇ?
– ಓದುಗರು, ಮೈಸೂರು

ಉತ್ತರ: ಖಂಡಿತ ಬೇಡ, 230 ವೋಲ್ಟಿಗೆ ನೇರ ಹಾಕಿದರೆ ಮೋಟರೂ ಬಲ್ಬೂ ಸುಟ್ಟುಹೋಗುತ್ತವೆ. ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಮೋಟರಿನ ತಗಡಿನ ಮೇಲಿನ ಆಂಪಿಯರನ್ನು 110ರಿಂದ ಗುಣಿಸಿ: 0.7 ಆಂಪಿಯರ್ ಇದ್ದರೆ 77 ಬಂತು. ಅದಕ್ಕೆ ಬಲ್ಬಿನ 15 ಸೇರಿಸಿ, ಎರಡು ಪಟ್ಟಿಗೂ ಮಿಗಿಲಾಗಿ 200 ಅಥವಾ 300 ವಿ.ಎ. (ವೋಲ್ಟ್-ಆಂಪಿಯರ್) ಟ್ರಾನ್ಸ್‌ಫಾರ್ಮರ್ ಕೊಳ್ಳಿ. ಪ್ರವಾಸಕ್ಕೆ ಮಾರುವ ಅಂಗೈಯಗಲದ ಕನ್ವರ್ಟರ್ ಇದಕ್ಕಲ್ಲ. ಅಲ್ಲಿ 60 ಹರ್ಟ್ಸ್, ಇಲ್ಲಿ 50 ಎಂಬುದು ಬ್ರಷ್ ಇರುವ ಮೋಟರಿಗೆ ತೊಡಕಲ್ಲ. ವೈರಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಓಡಿಸುವ ಮೊದಲೇ ಬದಲಿಸಿ.

ಪ್ರಶ್ನೆ: ಜೀನ್ಸ್ ಅಂಚು ಮಡಚಿ ಹೊಲಿಯುವಾಗ ಮಾತ್ರ ಮೋಟರ್ ಗುಂಯ್ ಎಂದು ನಿಂತು ಬಿಸಿಯಾಗುತ್ತದೆ.
– ಓದುಗರು, ಶಿರಸಿ

ಉತ್ತರ: ಗುಂಯ್ ಎಂದ ಕೂಡಲೇ ಪೆಡಲಿನಿಂದ ಕಾಲು ತೆಗೆಯಿರಿ, ತಿರುಗದೆ ನಿಂತ ಮೋಟರ್ ನಿಮಿಷದೊಳಗೆ ಸುಡಬಲ್ಲದು. 16ರ ಬದಲು 18 ನಂಬರಿನ ಹೊಸ ಸೂಜಿ ಹಾಕಿ. ಹೊಲಿಗೆಗಳು ಕೂಡುವ ದಪ್ಪ ಜಾಗವನ್ನು ಮೊದಲು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಚಪ್ಪಟೆ ಮಾಡಿಕೊಳ್ಳಿ, ಅಲ್ಲಿನ ಏಳೆಂಟು ಹೊಲಿಗೆಗಳನ್ನು ಹ್ಯಾಂಡ್ ವೀಲ್ ಕೈಯಲ್ಲಿ ತಿರುಗಿಸಿಯೇ ದಾಟಿಸಿ.