ಬಚ್ಚಿಟ್ಟರೆ ಬೀಗ ಹಾಕಿದ ಹಾಗಲ್ಲ

ಪ್ರಶ್ನೆ: ಪಾಸ್‌ವರ್ಡ್‌ಗಳನ್ನೆಲ್ಲ ಒಂದು ಎಕ್ಸೆಲ್ ಫೈಲ್‌ನಲ್ಲಿ ಬರೆದಿಟ್ಟಿದ್ದೇನೆ. ಯಾರಿಗೂ ಅನುಮಾನ ಬರದ ಹೆಸರು ಕೊಟ್ಟು, ಫೋಲ್ಡರನ್ನು ಹಿಡನ್ ಮಾಡಿದ್ದೇನೆ. ಈ ಕಂಪ್ಯೂಟರ್ ಮುಟ್ಟುವವನು ನಾನೊಬ್ಬನೇ. ಇಷ್ಟು ಸಾಲದೇ?

ಸಾಲದು. ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದರೆ, ಫೈಲಿನ ಹೆಸರನ್ನೂ ನಾನೇ ಹೇಳಬಲ್ಲೆ. ‘ಹಳೇ ಫೋಟೋ’, ಇಲ್ಲವೇ ‘ಪ್ರಿಂಟರ್ ಡ್ರೈವರ್’. ಅಲ್ವಾ?

ಕಳ್ಳ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ನಿಮ್ಮ ಕುರ್ಚಿಯಲ್ಲಿ ಕೂತು ಒಂದೊಂದೇ ಫೋಲ್ಡರ್ ತೆರೆದು ನೋಡುವ ಮನುಷ್ಯ. ಈಗಿನ ಕಳ್ಳ ಒಂದು ಪ್ರೋಗ್ರಾಮ್. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆಗೋ, ಮೇಲ್‌ನಲ್ಲಿ ಬಂದ ಫೈಲ್ ಜೊತೆಗೋ ಒಳಗೆ ನುಗ್ಗುತ್ತದೆ. ನಿಮ್ಮದೇ ಲಾಗಿನ್‌ನಲ್ಲಿ ಓಡುತ್ತದೆ. ನೀವು ಓದಬಲ್ಲ ಫೈಲುಗಳನ್ನೆಲ್ಲ ಅದೂ ಓದುತ್ತದೆ. ಹಿಡನ್ ಇದೆಯೋ ಇಲ್ಲವೋ ಅದಕ್ಕೆ ಲೆಕ್ಕಕ್ಕೇ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನಿಮ್ಮ ಉಪಾಯ.

‘ಎಕ್ಸೆಲ್‌ನಲ್ಲಿ ಪ್ರೊಟೆಕ್ಟ್ ಶೀಟ್ ಒತ್ತಿದ್ದೇನೆ’ ಅನ್ನುವವರೂ ಇದ್ದಾರೆ. ಅದು ಇರುವುದು ಕೈತಪ್ಪಿ ಸೆಲ್ ತಿದ್ದದಿರಲಿ ಅಂತ. ಫೈಲ್ ತೆರೆಯುವುದಕ್ಕೇ ಪಾಸ್‌ವರ್ಡ್ ಇಟ್ಟರೆ ಮಾತ್ರ ಅದು ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀಲಿಯಿಲ್ಲದೆ ಓದಲಾಗದ ಗುಪ್ತಲಿಪಿಯಾಗುತ್ತದೆ. ಅದರಲ್ಲೂ ಆಫೀಸ್ 97ರ ಕಾಲದ ಹಳೇ ಮಾದರಿಯ ಫೈಲಿನ ಕೀಲಿ ಬರೀ 40 ಬಿಟ್, ಅಂದರೆ ಸೊನ್ನೆ-ಒಂದುಗಳ 40 ಅಂಕಿ. ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ಒಡೆಯಬಹುದು. 2007ರಿಂದ ಈಚೆಗೆ ಎಇಎಸ್ ಅನ್ನುವ ಬಲವಾದ ಎನ್‌ಕ್ರಿಪ್ಶನ್ ವಿಧಾನ ಬಂತು, ಬೀಗ ಗಟ್ಟಿಯಾಯಿತು. ಆದರೂ ಒಂದು ಪಾಸ್‌ವರ್ಡ್ ಬೇಕೆಂದು ತೆರೆದರೆ ಎಲ್ಲವೂ ಪರದೆ ಮೇಲೆ ಹರಡಿಕೊಳ್ಳುತ್ತವೆ.

ಬ್ರೌಸರ್‌ನಲ್ಲಿ ಸೇವ್ ಮಾಡುವುದು? ಪಠ್ಯ ಫೈಲಿಗಿಂತ ವಾಸಿ, ಅಷ್ಟೇ. ವಿಂಡೋಸ್‌ನಲ್ಲಿ ಕ್ರೋಮ್ ಬಹಳ ಕಾಲ ಕೀಲಿಯನ್ನು ನಿಮ್ಮ ಲಾಗಿನ್‌ಗೆ ಕಟ್ಟಿಡುತ್ತಿತ್ತು. ನಿಮ್ಮ ಹೆಸರಲ್ಲಿ ಓಡುವ ಯಾವ ಪ್ರೋಗ್ರಾಮ್ ಕೇಳಿದರೂ ಕೀಲಿ ಸಿಗುತ್ತಿತ್ತು. 2024ರಲ್ಲಿ ಕೀಲಿಯನ್ನು ಬ್ರೌಸರ್‌ಗೇ ಕಟ್ಟುವ ಏರ್ಪಾಡು ಮೊದಲು ಕುಕೀಗಳಿಗೆ (ನೀವು ಲಾಗಿನ್ ಆಗಿದ್ದೀರೆಂದು ಸೈಟ್ ನೆನಪಿಡಲು ಬಳಸುವ ಚಿಕ್ಕ ದಾಖಲೆಗಳಿಗೆ) ಬಂತು. ಕೆಲವೇ ತಿಂಗಳಲ್ಲಿ ಕಳ್ಳರು ಅದಕ್ಕೂ ದಾರಿ ಹುಡುಕಿಕೊಂಡರು.

ನಾನು ಬಳಸುವುದು ಕೀಪಾಸ್‌ಎಕ್ಸ್‌ಸಿ ಅನ್ನುವ ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಒಂದೇ ಮಾಸ್ಟರ್ ಪಾಸ್‌ವರ್ಡ್‌ನಿಂದ ತೆರೆಯುವ ಪಾಸ್‌ವರ್ಡ್‌ಗಳ ತಿಜೋರಿ. ದುಡ್ಡು ಕೇಳುವುದಿಲ್ಲ, ಸೋರ್ಸ್ ಕೋಡ್ ಬಯಲಲ್ಲೇ ಇದೆ, ಎಲ್ಲವೂ ಎನ್‌ಕ್ರಿಪ್ಟ್ ಆದ ಒಂದೇ ಫೈಲ್‌ನಲ್ಲಿರುತ್ತದೆ. ಅದರೊಳಗೆ ಮಾಸ್ಟರ್ ಪಾಸ್‌ವರ್ಡಿನಿಂದ ಕೀಲಿ ತಯಾರಿಸುವ ಆರ್ಗಾನ್2 ಅನ್ನುವ ವಿಧಾನವಿದೆ, 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆ ಗೆದ್ದದ್ದು. ಪ್ರತಿ ಊಹೆಗೂ ಸಮಯ, ಮೆಮೊರಿ ಎರಡನ್ನೂ ಅದು ಹಿಂಡುತ್ತದೆ. ಒಂದು ಊಹೆಗೆ ಒಂದು ಸೆಕೆಂಡ್ ಹಿಡಿಯುವ ಹಾಗೆ ನಾನು ಇಟ್ಟಿದ್ದೇನೆ. ನನಗೆ ಅದು ದೊಡ್ಡದಲ್ಲ. ಕೋಟಿಗಟ್ಟಲೆ ಊಹೆ ಮಾಡಬೇಕಾದವನು ಅಲ್ಲೇ ಸುಸ್ತಾಗುತ್ತಾನೆ. ಆದರೆ ಕೆಲಸ ಮುಗಿದ ಕೂಡಲೇ ಲಾಕ್ ಮಾಡಿ. ಸೋಂಕು ತಗುಲಿದ ಕಂಪ್ಯೂಟರಿನಲ್ಲಿ ತೆರೆದಿಟ್ಟ ತಿಜೋರಿಯನ್ನು ಯಾವ ಸಾಫ್ಟ್‌ವೇರೂ ಕಾಯುವುದಿಲ್ಲ.

ಮಾಸ್ಟರ್ ಪಾಸ್‌ವರ್ಡನ್ನು ತಲೆಯಿಂದ ಹುಟ್ಟಿಸಬೇಡಿ. 7,776 ಪದಗಳ ಡೈಸ್‌ವೇರ್ ಪಟ್ಟಿ ಇದೆ. ಐದು ಸಲ ದಾಳ ಉರುಳಿಸಿದರೆ ಒಂದು ಪದ. ಆರು ಪದ ಆರಿಸಿ, ಸುಮಾರು 77 ಬಿಟ್ ಆಗುತ್ತದೆ, ಅಂದರೆ ಎರಡನ್ನು 77 ಸಲ ಗುಣಿಸಿದಷ್ಟು ಸಾಧ್ಯತೆಗಳು. ಪದ ಚೆನ್ನಾಗಿಲ್ಲ ಅಂತ ಇನ್ನೊಮ್ಮೆ ಉರುಳಿಸಿದಿರೋ, ದಾಳ ಹಾಕಿದ್ದೇ ದಂಡ.

ಆಮೇಲೆ ಅದನ್ನು ಕಾಗದದ ಮೇಲೆ ಬರೆಯಿರಿ. ಹೌದು, ಕಾಗದ. ‘ಪಾಸ್‌ವರ್ಡ್ ಬರೆದಿಡಲೇಬಾರದು’ ಅಂತ ಯಾರೋ ಹೇಳಿದ್ದನ್ನು ಎಲ್ಲರೂ ಸುಮ್ನೆ ಒಪ್ಪಿಕೊಂಡಿದ್ದಾರೆ. ಬೀರುವಿನೊಳಗಿನ ಚೀಟಿಗೆ ಇಂಟರ್ನೆಟ್ಟಿನಿಂದ ಕೈ ಹಾಕಲಾಗುವುದಿಲ್ಲ. ಒಮ್ಮೆ ಮೂರು ವಾರ ಲ್ಯಾಪ್‌ಟಾಪ್ ಮುಟ್ಟದೆ ಇದ್ದು ಬಂದೆ. ನನಗೇ ಐದನೇ ಪದ ನೆನಪಿಗೆ ಬರಲಿಲ್ಲ. ಇಲ್ಲಿ ‘ಫರ್ಗಾಟ್ ಪಾಸ್‌ವರ್ಡ್’ ಬಟನ್ ಇಲ್ಲ. ಚೀಟಿ ಇದ್ದದ್ದಕ್ಕೆ ಬಚಾವಾದೆ. ತಿಜೋರಿ ಫೈಲಿನ ಎರಡು ಪ್ರತಿ ಬೇರೆ ಬೇರೆ ಕಡೆ ಇಡಿ. ಕಳ್ಳತನಕ್ಕಿಂತ ಡಿಸ್ಕ್ ಕೆಟ್ಟು ಕಳೆದುಕೊಂಡವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಹಳೇ ಎಕ್ಸೆಲ್ ಫೈಲ್ ಡಿಲೀಟ್ ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವ ಎಸ್‌ಎಸ್‌ಡಿ ಡಿಸ್ಕ್ ಒಂದೇ ಜಾಗದ ಮೇಲೆ ಮತ್ತೆ ಬರೆಯುವುದಿಲ್ಲ, ಹಾಗಾಗಿ ಹಳೇ ಫೈಲಿನ ಮೇಲೆ ಬೇರೇನೋ ಬರೆದು ‘ಶ್ರೆಡ್’ ಮಾಡುವ ಸಾಫ್ಟ್‌ವೇರನ್ನು ಅಲ್ಲಿ ನಂಬುವ ಹಾಗಿಲ್ಲ. ಬ್ಯಾಕಪ್‌ನಲ್ಲೂ ಕ್ಲೌಡ್‌ನಲ್ಲೂ ಹಳೇ ಪ್ರತಿಗಳು ಉಳಿದಿರಬಹುದು. ಆ ಪಾಸ್‌ವರ್ಡ್‌ಗಳನ್ನೇ ಬದಲಿಸಿ. ಮೇಲ್‌ನಿಂದ ಶುರು ಮಾಡಿ, ಉಳಿದ ಖಾತೆಗಳ ರೀಸೆಟ್ ಲಿಂಕ್ ಬರುವುದು ಅಲ್ಲಿಗೇ.

ಪ್ರಶ್ನೆ: ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆ. ಇನ್ನೇನು ಬೇಕು?

ಲ್ಯಾಪ್‌ಟಾಪ್ ಕಳುವಾದರೆ ಅದು ಕಾಯುತ್ತದೆ. ನೀವು ಲಾಗಿನ್ ಆದ ಮೇಲೆ ಬಾಗಿಲು ತೆರೆದೇ ಇರುತ್ತದೆ.

ಪ್ರಶ್ನೆ: ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕೇ?

ಬೇಡ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಈ ಬಲವಂತ ಬೇಡ ಅಂದಿದೆ. ಸೋರಿಕೆಯಾದ ಸುಳಿವು ಸಿಕ್ಕರೆ ಬದಲಿಸಿ.

ಪ್ರಶ್ನೆ: ವಿಡಿಯೋ ಒಂದರಲ್ಲಿ ‘ಮಿಲಿಟರಿ ದರ್ಜೆ’ಯ ಆ್ಯಪ್ ತೋರಿಸಿದರು. ಮಾಸ್ಟರ್ ಪಾಸ್‌ವರ್ಡ್ ಮರೆತರೆ ಅವರೇ ತೆಗೆದುಕೊಡುತ್ತಾರಂತೆ.

ಅಂದರೆ ನಿಮ್ಮ ಕೀಲಿ ಅವರ ಜೇಬಿನಲ್ಲಿದೆ. ಮಿಲಿಟರಿ ಅನ್ನುವ ಪದ ಕೇಳಿದರೇ ನಾನು ಆ ಕಡೆ ಹೋಗುವುದಿಲ್ಲ.

ಪ್ರಶ್ನೆ: ಎಪಿಐ ಕೀಯನ್ನು (ನನ್ನ ಪ್ರೋಗ್ರಾಮ್ ಇನ್ನೊಂದು ಸೇವೆಗೆ ತೋರಿಸುವ ಗುಪ್ತ ಕೀಲಿ) ಬೇಸ್64 ಮಾಡಿ ಕೋಡ್‌ನಲ್ಲೇ ಇಟ್ಟಿದ್ದೆ. ಕೋಡಿನ ಹಳೇ ಆವೃತ್ತಿಗಳನ್ನೂ ಉಳಿಸಿಡುವ ಗಿಟ್‌ಗೆ ಹಾಕಿದ ಮೇಲೆ ನೆನಪಾಗಿ ಆ ಸಾಲು ಅಳಿಸಿದೆ. ಸರಿ ತಾನೇ?

ಬೇಸ್64 ಎನ್‌ಕ್ರಿಪ್ಶನ್ ಅಲ್ಲ, ಅದನ್ನೇ ಬೇರೆ ಅಕ್ಷರಗಳಲ್ಲಿ ಬರೆಯುವ ರೀತಿ ಅಷ್ಟೇ, ಯಾರು ಬೇಕಾದರೂ ಬಿಚ್ಚಬಹುದು. ಗಿಟ್‌ನ ಹಿಸ್ಟರಿಯಲ್ಲಿ ಆ ಸಾಲು ಹಾಗೇ ಕೂತಿದೆ. ಮೊದಲು ಹೋಗಿ ಆ ಕೀ ರದ್ದು ಮಾಡಿ ಬನ್ನಿ.